ಮೀನಿನ ಹೆಜ್ಜೆ ಹುಡುಕುವ ಯಂತ್ರ: ಬಳಸುವ ಕ್ರಮ

ಋಷಿಮೂಲ, ನದಿಮೂಲ ಹುಡುಕಬಾರದು ಎಂದು ಹಿರಿಯರು ಹೇಳಿಹೋದರು. ಸಿಗಡಿಮೂಲದ ಬಗ್ಗೆ ಅವರು ಏನೂ ಹೇಳದ ಕಾರಣ ಈ ಯಂತ್ರವನ್ನು ತಯಾರಿಸಲಾಗಿದೆ.

ಪೆಟ್ಟಿಗೆಯಲ್ಲಿ ಏನಿದೆ: ಒಂದು ಬ್ಲಾಕ್‌ಚೈನ್. ಕೈ ಹಾಕಿ ತಡಕಬೇಡಿ, ಸಿಗುವುದಿಲ್ಲ. ಅದು ಹಲವರ ಕಂಪ್ಯೂಟರುಗಳಲ್ಲಿ ಒಟ್ಟಿಗೇ ಇರುವ ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುತ್ತದೆ. ಹಳೇ ಪುಟ ಒಂದನ್ನು ತಿದ್ದಿದರೆ ಮುಂದಿನ ಗುರುತೆಲ್ಲ ತಾಳೆ ತಪ್ಪಿ, ತಿದ್ದಿದ್ದು ಬಯಲಾಗುತ್ತದೆ. ಆಂಧ್ರದಲ್ಲಿ 1984ರಲ್ಲಿ ಹುದ್ದೆ ಕಳೆದುಕೊಂಡ, ಊರಿನ ಲೆಕ್ಕ ಬರೆಯುತ್ತಿದ್ದ ಕರಣಂಗಳು ಇಂಥ ಪುಸ್ತಕವನ್ನು ಮನೆಯೊಳಗೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಂತ 1. ಮೊದಲು ಅಮೆರಿಕಕ್ಕೆ ಹೋಗಿ. ತಮಾಷೆಯಲ್ಲ. 2019ರ ಅಕ್ಟೋಬರ್‌ನಲ್ಲಿ ವಾಲ್‌ಮಾರ್ಟ್ ಸಿಗಡಿಯ ಜಾಡು ಹಿಡಿಯುವ ಪ್ರಯೋಗವೊಂದನ್ನು ಪ್ರಕಟಿಸಿತು. ನಮ್ಮದೇ ಆಂಧ್ರದ ಸಿಗಡಿ. ಸಂಸ್ಕರಿಸಿ ಕಳಿಸಿದ್ದು ಸಂಧ್ಯಾ ಆಕ್ವಾ. ಪುಸ್ತಕ ಐಬಿಎಂನ ಫುಡ್ ಟ್ರಸ್ಟ್. ಕೊನೆಯ ನಿಲ್ದಾಣ ಅಮೆರಿಕದ ಕೆಲವು ಸ್ಯಾಮ್ಸ್ ಕ್ಲಬ್ ಅಂಗಡಿ. ಇದೇ ವಾಲ್‌ಮಾರ್ಟ್ ಅದಕ್ಕೆ ಮುಂಚೆ ಮಾವಿನ ಹೋಳಿನ ಜಾಡು ಹಿಡಿಯಲು ಹಳೇ ಪದ್ಧತಿಯಲ್ಲಿ ಸುಮಾರು 7 ದಿನ, ಹೊಸದರಲ್ಲಿ 2.2 ಸೆಕೆಂಡು ತೆಗೆದುಕೊಂಡಿತ್ತು. ಕರ್ನೂಲು ಜಿಲ್ಲೆಯ ನಮ್ಮ ಎಮ್ಮಿಗನೂರಿನ ಸಂತೆಯಲ್ಲಿ ನಿಂತು ಸಿಗಡಿ ಗುಡ್ಡೆಗೆ ಫೋನ್ ತೋರಿಸಿದರೆ ಫೋಟೊ ಬರುತ್ತದೆ, ಅಷ್ಟೇ.

ಹಂತ 2. ಮೊದಲ ಸಾಲು ತುಂಬಿ. ಯಂತ್ರದ ಪ್ರಾಣ ಇರುವುದು ಇಲ್ಲಿ. ಕಂಪನಿಯವರು ಬೇಗ ದಾಟಿಹೋಗುವುದೂ ಇಲ್ಲೇ. ಆಂಧ್ರದ ಭೀಮವರಂ ಕಡೆಯ ಸಿಗಡಿ ಕೊಳದ ದಂಡೆಯಲ್ಲಿ ಒಬ್ಬ ಮನುಷ್ಯ ಬರೆಯಬೇಕು: ಮರಿ ಯಾವ ಹ್ಯಾಚರಿಯದು, ಮೇವು ಯಾವುದು, ರೋಗ ಬಂದಾಗ ನೀರಿಗೆ ಏನು ಸುರಿದೆ. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್ ಎಂಬ ನಿಷೇಧಿತ ಔಷಧಿಗಳನ್ನು ಸುರಿಯುವಂತಿಲ್ಲ. ಸುರಿದವನು ‘ಸುರಿದೆ’ ಎಂದು ಬರೆದುಕೊಡುತ್ತಾನೆಯೇ? ಅವನು ‘ಇಲ್ಲ’ ಎಂದು ಬರೆದರೆ ಯಂತ್ರ ಆ ‘ಇಲ್ಲ’ವನ್ನೇ ಭದ್ರವಾಗಿ ಕಾಪಾಡುತ್ತದೆ. ಸುಳ್ಳಿಗೆ ಇಷ್ಟು ಗಟ್ಟಿ ಬೀಗ ಹಿಂದೆಂದೂ ಇರಲಿಲ್ಲ. ಬರಹವನ್ನಷ್ಟೇ ನಂಬಿದರೆ ಆಗದೆಂದು ಯುರೋಪಿನವರಿಗೆ ಗೊತ್ತು. ಹಾಗಾಗಿಯೇ 2016ರಲ್ಲಿ ಭಾರತದ ಸಾಕಣೆ ಸಿಗಡಿಯ ಸರಕುಗಳಲ್ಲಿ ನೂರಕ್ಕೆ 10ರ ಬದಲು 50ನ್ನು ಬಂದರಿನಲ್ಲಿ ಪರೀಕ್ಷಿಸಲು ತೊಡಗಿದರು. ಅವರು ನಂಬಿದ್ದು ಪ್ರಯೋಗಶಾಲೆಯನ್ನು.

ಎಚ್ಚರಿಕೆ: ಫೋನಿಗೆ ಜಾಡು ತೋರಿಸುವ ಕೋಡ್ ಅಂಟುವುದು ಪೆಟ್ಟಿಗೆಗೆ, ಸಿಗಡಿಗಲ್ಲ. ನಾಲ್ಕು ಕೊಳದ ಸಿಗಡಿ ಒಂದೇ ಲಾರಿಯ ಐಸಿನಲ್ಲಿ ಬೆರೆತರೆ ಯಂತ್ರ ಎಲ್ಲಕ್ಕೂ ಒಂದೇ ಗೋತ್ರ ಹೇಳುತ್ತದೆ.

ಹಂತ 3. ಲಾರಿ, ಕಾರ್ಖಾನೆ, ಬಂದರು, ಹಡಗು: ಒಂದೊಂದು ಕಡೆ ಒಂದೊಂದು ಪುಟ ಸೇರಿಸಿ.

ಯಂತ್ರ ನಿಂತುಹೋದರೆ: ಗಾಬರಿ ಬೇಡ. ಹಡಗಿನ ಸರಕಿಗೆಂದು ಐಬಿಎಂ ಮತ್ತು ಹಡಗು ಕಂಪನಿ ಮಾರ್ಸ್ಕ್ ಸೇರಿ ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಇಂಥದೇ ಪುಸ್ತಕವನ್ನು ಮುಚ್ಚುತ್ತೇವೆಂದು 2022ರ ನವೆಂಬರ್‌ನಲ್ಲಿ ಅವರೇ ಹೇಳಿದರು. ಪುಸ್ತಕ ತಿದ್ದಲಾಗದು; ಅಂಗಡಿಗೆ ಬೀಗ ಜಡಿಯಬಹುದು.

ಎಮ್ಮಿಗನೂರಿನವರಿಗೆ ವಿಶೇಷ ಸೂಚನೆ: 1938ರಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದ ಊರು ಇದು, ಇಲ್ಲಿ ಹೆಸರಾದದ್ದು ಮಗ್ಗ, ಮೀನಲ್ಲ. ಆದರೂ ಹತ್ತಿರದಲ್ಲೇ ಹಂದ್ರಿ ಹೊಳೆಗೆ ಕಟ್ಟಿದ ಗಾಜುಲದಿನ್ನೆ ಜಲಾಶಯ ಇದೆ. ಅಲ್ಲಿಯ ಮೀನಿಗೆ ಯಂತ್ರ ಹೀಗೆ ನಡೆಯುತ್ತದೆ:

“ಎಲ್ಲೀದಮ್ಮಾ ಇದು?”

“ಗಾಜುಲದಿನ್ನೇದು ಅಣ್ಣಾ. ಕಿವಿರು ಎತ್ತಿ ನೋಡು, ಆಮೇಲೆ ಮಾತಾಡು.”

ಎತ್ತಿ ನೋಡಿ. ಒಳಗೆ ಕೆಂಪಗೆ, ಒದ್ದೆಯಾಗಿರಬೇಕು. ಕಂದು ತಿರುಗಿ ಲೋಳೆ ಕಟ್ಟಿದ್ದರೆ ಬುಟ್ಟಿಗೇ ಬಿಡಿ. ಬೆನ್ನು ಒತ್ತಿದರೆ ಕುಳಿ ನಿಲ್ಲಬಾರದು. ಕಣ್ಣು ಗುಳಿ ಬಿದ್ದಿರಬಾರದು. ಸುಳ್ಳು ಹೇಳಿದ್ದರೆ ನಾಳೆಯೂ ಮೀನು ಮಾರುವಾಕೆ ಅದೇ ಜಾಗದಲ್ಲಿ ಸಿಗುತ್ತಾಳೆ. ನೀವು ಜಗಳಕ್ಕೆ ಬರುತ್ತೀರೆಂದು ಆಕೆಗೂ ಗೊತ್ತು. ಆದರೆ ಕಿವಿರು ಎತ್ತಿದರೆ ಔಷಧಿ ಕಾಣುವುದಿಲ್ಲ, ಸಿಗಡಿ ಸಿಪ್ಪೆಯ ಮೇಲೂ ಕಾಣುವುದಿಲ್ಲ. ಅದಕ್ಕೆ ಪ್ರಯೋಗಶಾಲೆಯೇ ಬೇಕು.

ಖಾತರಿ: ಯುರೋಪಿಗೆ ಹೋಗುವ ಸಿಗಡಿಗೆ ಕೊಳದಿಂದ ಎತ್ತುವ ಮೊದಲೇ ಔಷಧಿ ಪರೀಕ್ಷೆ ಆಗುತ್ತದೆ. ಅದೇ ಪರೀಕ್ಷೆ ನಮ್ಮ ಸಂತೆಗೆ ಬರುವ ಸಿಗಡಿಗೂ ಆಗಲಿ ಎಂದು ಕರ್ನೂಲಿನ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಒಂದು ಅರ್ಜಿ ಬರೆಯಿರಿ. ತೆಲುಗಿನಲ್ಲಿ ಬರೆದರೆ ಬೇಗ ಓದುತ್ತಾರೆ.