ದೆವ್ವಕ್ಕೆ ಮೆಟ್ಟಿಲಿನ ಚಿಂತೆಯಿಲ್ಲ

ಜಾತ್ರೆಯ ಭೂತ ಬಂಗಲೆಯ ಮುಂದಿನ ತಗಡಿನ ಮೇಲೆ ಪೇಂಟರ್ ಮೈಮರೆತು ಕೆಲಸ ಮಾಡಿದ್ದ. ಎಡಕ್ಕೆ ರುಂಡವಿಲ್ಲದ ಮುಂಡ, ಅದರ ಮಗ್ಗುಲಿಗೆ ಗೂನುಬೆನ್ನಿನ ಮುದುಕಿ, ಒಕ್ಕಣ್ಣ ಮಾಂತ್ರಿಕ, ಕೈ ತುಂಡಾದ ಸಿಪಾಯಿ, ಊರುಗೋಲು ಹಿಡಿದ ಕುಂಟ ಪಿಶಾಚಿ, ಬಾಯಿ ಹೊಲಿದ ಹೆಂಗಸು. ಇಷ್ಟೂ ಜನ ಒಟ್ಟಿಗೆ ಶಿಬಿರಕ್ಕೆ ಹೋದರೆ ಎಲ್ಲರಿಗೂ ಅಂದೇ ಅಂಗವಿಕಲರ ಪ್ರಮಾಣಪತ್ರ ಸಿಗುತ್ತಿತ್ತು. ರುಂಡವಿಲ್ಲದವನಿಗೆ ಮಾತ್ರ ಫೋಟೊದ ತೊಡಕು. ಅವರ ಕಾಲ ಬುಡದಲ್ಲಿ ಕೆಂಪು ಅಕ್ಷರ: ‘ಗರ್ಭಿಣಿಯರು, ಹೃದಯ ಬೇನೆಯವರು, ಅಂಗವಿಕಲರಿಗೆ ಪ್ರವೇಶ ಇಲ್ಲ.’ ಅದರ ಕೆಳಗೆ ಹಳದಿ ಅಕ್ಷರ: ‘ಕುಟುಂಬ ಸಮೇತ ಬನ್ನಿ.’

ಟಿಕೋಟಾದ ನಮ್ಮ ಕಾಕಾ ಕುಟುಂಬ ಸಮೇತ ಬಂದಿದ್ದರು. ಯಾವ ಜಾತ್ರೆ ಅಂತ ಕೇಳಬೇಡಿ, ಬಂಗಲೆಯವನ ಹೆಸರು ನನಗೆ ಗೊತ್ತೂ ಇಲ್ಲ. ಕಾಕಾ ದ್ರಾಕ್ಷಿ ಬೆಳೆಗಾರರು. ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸಲು ಕೂತರೆ ಕಣ್ಣುಮುಚ್ಚಿ, ಬೆರಳಲ್ಲೇ ಒಂದನೇ ನಂಬರ್, ಎರಡನೇ ನಂಬರ್ ಬೇರೆ ಮಾಡುವ ಮನುಷ್ಯ. ಎರಡು ವರ್ಷದ ಕೂಸಿದ್ದಾಗ ಪೋಲಿಯೊ ಬಂದು ಎಡಗಾಲು ಒಣಗಿತು. 2014ರಲ್ಲಿ ಪೋಲಿಯೊ ದೇಶ ಬಿಟ್ಟಿತು ಅಂತ ಸರ್ಟಿಫಿಕೇಟು ಬಂತು. ‘ದೇಶ ಬಿಟ್ಟು ಹೋಗುವಾಗ ನನ್ನ ಕಾಲು ವಾಪಸ್ ಕೊಟ್ಟು ಹೋಗಬೇಕಿತ್ತು’ ಎನ್ನುತ್ತಾರೆ ಕಾಕಾ, ತಮ್ಮ ಮೂರು ಗಾಲಿಯ ಸೈಕಲ್ಲಿನ ಹ್ಯಾಂಡಲ್ ತಿರುವುತ್ತ.

ಬಂಗಲೆಗೆ ನಾಲ್ಕು ಹಲಗೆಯ ಮೆಟ್ಟಿಲು. ಮೇಲೆ ಎರಡಡಿ ಅಗಲದ ಬಾಗಿಲು. ಕಾಕಾನ ಸೈಕಲ್ಲು ಮೂರಡಿ. ಟಿಕೀಟಿನ ಹುಡುಗ ಒಂದು ಸಲ ಸೈಕಲ್ ನೋಡಿದ, ಒಂದು ಸಲ ಬಾಗಿಲು ನೋಡಿದ.

‘ಕಾಕಾ, ನಿಮಗ ಒಳಗ ತ್ರಾಸ ಆಗತೈತ್ರಿ.’

‘ತ್ರಾಸ ಕೊಡಾಕನ ಅಲ್ಲೇನೋ ನೀ ರೊಕ್ಕಾ ತಗೊಳ್ಳೂದು?’

‘ಹಂಗಲ್ರಿ, ನಿಮ್ಮ ಸೇಫ್ಟಿಗೇ ಹೇಳಾಕತ್ತೀನ್ರಿ.’

‘ಒಳಗ ಒಬ್ಬ ಕುಂಟ ಅದಾನಲ್ಲ, ಅವನ ಸೇಫ್ಟಿ?’

‘ಅಂವಾ ದೆವ್ವ ರೀ.’

ಇದಕ್ಕೆ ಕಾಕಾನ ಬಳಿ ಉತ್ತರ ಇರಲಿಲ್ಲ. ನನ್ನ ಬಳಿಯೂ ಇಲ್ಲ. ಹುಡುಗ ಮನಸ್ಸಿನಿಂದ ಒಳ್ಳೆಯವನೇ. ಒಂದು ಪ್ಲಾಸ್ಟಿಕ್ ಖುರ್ಚಿ ತಂದಿಟ್ಟು, ‘ನಿಮಗ ಟಿಕೀಟ ಮಾಫ್ ರೀ. ಇಲ್ಲೇ ಕುಂತು ಹೊರಗ ಬಂದವರ ಮುಖಾ ನೋಡ್ರಿ, ಅಷ್ಟ ಮಜಾ ಬರತೈತಿ’ ಅಂದ. ಸೈಕಲ್ಲಿನಲ್ಲಿ ಕೂತವರಿಗೆ ಖುರ್ಚಿ. ಒಳಗೆ ಹೋಗದವರಿಗೆ ಟಿಕೀಟು ಮಾಫ್. ನಮ್ಮ ನಾಡಿನಲ್ಲಿ ಅಂಗವಿಕಲರಿಗೆ ಕೊಟ್ಟ ಸವಲತ್ತುಗಳ ಪಟ್ಟಿ ತೆಗೆದು ನೋಡಿ, ಅರ್ಧಕ್ಕರ್ಧ ಈ ಖುರ್ಚಿಯ ಜಾತಿಯವೇ.

ಜೊತೆಗೆ ಬಬಲೇಶ್ವರದ ಅಕ್ಕನ ಮಗನೂ ಇದ್ದ. ಹತ್ತು ವರ್ಷ. ಆಟಿಸಂ. ಅವನಿಗೆ ದೆವ್ವದ ಹೆದರಿಕೆ ಎಳ್ಳಷ್ಟೂ ಇಲ್ಲ. ಹೆದರಿಕೆ ಇರುವುದು ಸ್ಪೀಕರಿನದು. ಬಂಗಲೆಯ ನೆತ್ತಿಯ ಮೇಲೆ ಹರಕು ಸ್ಪೀಕರಿನಲ್ಲಿ ಹೆಂಗಸೊಬ್ಬಳು ಹತ್ತು ಸೆಕೆಂಡಿಗೊಮ್ಮೆ ಕಿಟಾರನೆ ಕಿರುಚುತ್ತಿದ್ದಳು. ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕಾಕಾನ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ಹಾದುಹೋದ ಹಿರಿಯರೊಬ್ಬರು ಅಕ್ಕನಿಗೆ ಮೆಲ್ಲಗೆ, ‘ತಂಗಿ, ಹುಡುಗಗ ಏನೋ ಬಡಕೊಂಡೈತಿ, ಅಮಾಸಿಗೆ ತೋರಸ್ರಿ’ ಅಂದರು. ನಿಜವಾಗಿ ಬಡಿದದ್ದು ಅಷ್ಟು ಹೊತ್ತೂ ಅವರ ತಲೆಯ ಮೇಲೆ ಒದರುತ್ತಿತ್ತು. ಅದನ್ನು ಬಿಡಿಸುವುದಕ್ಕೆ ಅಮವಾಸ್ಯೆ ಬೇಕಿಲ್ಲ, ಒಂದು ಬಟನ್ ಸಾಕು.

ಡಲ್ಲಾಸಿನಲ್ಲಿರುವ ನನ್ನ ತಂಗಿಯ ಮಗಳಿಗೆ ಫೋನಿನಲ್ಲಿ ಈ ಕತೆ ಹೇಳಿದೆ. ಅವರಿಗೆ ಅಕ್ಟೋಬರ್ 31 ಅಂದರೆ ಹ್ಯಾಲೊವೀನ್, ದೆವ್ವದ ಹಬ್ಬ. ಅವರು ಕುಂಬಳಕಾಯಿಗೆ ಕಣ್ಣು ಕೊರೆದು ಒಳಗೆ ದೀಪ ಇಡುತ್ತಾರೆ; ನಾವು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಅಮವಾಸ್ಯೆಗೆ ಅಂಗಡಿ ಮುಂದೆ ಒಡೆದು ಬೈಕಿನವರನ್ನು ಜಾರಿಸಿ ಬೀಳಿಸುತ್ತೇವೆ. ನಮ್ಮೂರಿಗೂ ಆ ತಾರೀಖಿಗೂ ಒಂದು ನಂಟಿದೆ. 2014ರ ಅಕ್ಟೋಬರ್ 31ರ ರಾತ್ರಿ ಬಿಜಾಪುರ ಎಂಬ ಹೆಸರು ತೀರಿಕೊಂಡಿತು, ಬೆಳಗಾದರೆ ನವೆಂಬರ್ 1, ವಿಜಯಪುರ. ಬಿಜಾಪುರದ ದೆವ್ವ ಇವತ್ತಿಗೂ ಜನರ ಬಾಯಲ್ಲಿ ಓಡಾಡಿಕೊಂಡಿದೆ, ಎಲ್ಲೆಂದರಲ್ಲಿ ಸರಾಗವಾಗಿ.

ತಂಗಿಯ ಮಗಳು ಹೇಳಿದ್ದು ಕೇಳಿ ನಗು ಬಂತು. ಅಲ್ಲಿಯ ಕೆಲವು ದೆವ್ವದ ಮನೆಗಳಲ್ಲಿ ಹೆದರಿಕೆ ಬೇಡ ಅನ್ನುವ ಮಕ್ಕಳ ಕೊರಳಿಗೆ ಮಿಣುಕುವ ಸರ ಹಾಕಿ ಬಿಡುತ್ತಾರಂತೆ. ಸರ ಕಂಡ ದೆವ್ವ ಸುಮ್ಮನೆ ಕೈ ಬೀಸಿ ಕಳಿಸಬೇಕು. ಕೆಲವು ಕಡೆ ಒಂದು ಹೊತ್ತು ಸ್ಪೀಕರ್ ಬಂದ್, ಮಿಂಚುವ ದೀಪ ಬಂದ್. ಫಿಟ್ಸ್ ಇರುವವರಿಗೆ ಮಿಂಚುದೀಪ ಆಗಿಬರುವುದಿಲ್ಲ ಅಂತ ಬಾಗಿಲಲ್ಲೇ ಬೋರ್ಡು. ಹಾಗಂತ ಬಿಳಿಯರೆಲ್ಲ ಬಸವಣ್ಣಗಳೇನಲ್ಲ. 1990ರಲ್ಲಿ ಅಮೆರಿಕ ಅಂಗವಿಕಲರ ಕಾಯ್ದೆ ತಂದದ್ದಕ್ಕೆ ಅಂಗಡಿಯವನಿಗೂ ಕೋರ್ಟಿನ ಭಯ, ದೆವ್ವಕ್ಕೂ ಕೋರ್ಟಿನ ಭಯ. ಇಂಗ್ಲೆಂಡಿನಲ್ಲಿ 2013ರಲ್ಲಿ ಆಸ್ಡಾ ಮತ್ತು ಟೆಸ್ಕೊ ಎಂಬ ದೊಡ್ಡ ಅಂಗಡಿಗಳು ಹ್ಯಾಲೊವೀನಿಗೆಂದು ‘ಮಾನಸಿಕ ರೋಗಿ’ಯ ವೇಷ ಮಾರಲು ಇಟ್ಟು, ಜನ ಛೀಮಾರಿ ಹಾಕಿದ ಮೇಲೆ ತೆಗೆದವು. ಅಂದರೆ ಊನ ಇದ್ದವರನ್ನು ವೇಷ ಮಾಡಿ ಮಾರುವ ಚಾಳಿ ಅಲ್ಲೂ ಇದೆ. ನಮ್ಮ ಪೇಂಟರ್ ಒಬ್ಬನನ್ನೇ ಬೈದರೆ ಅನ್ಯಾಯ.

ಕಾಕಾನಿಗೆ ಇಂಥ ಖುರ್ಚಿ ಹೊಸದಲ್ಲ. ಏಳನೇ ಈಯತ್ತೆಯಲ್ಲಿ ಶಾಲೆಯವರು ಗೋಳಗುಮ್ಮಟಕ್ಕೆ ಟ್ರಿಪ್ ಕರೆದೊಯ್ದಾಗ ಮಾಸ್ತರು ಅವರಿಗೆ ಒಂದು ಜವಾಬ್ದಾರಿಯ ಕೆಲಸ ಒಪ್ಪಿಸಿದ್ದರಂತೆ: ಎಲ್ಲರ ಬುತ್ತಿ, ಚಪ್ಪಲಿ ಕಾಯುವುದು. ಪಿಸುಮಾತಿನ ಗ್ಯಾಲರಿ ಇರುವುದು ಮೇಲೆ. ಏಳಂತಸ್ತಿನ ಮೂಲೆಗೋಪುರದೊಳಗೆ ಕಡಿದಾದ ಮೆಟ್ಟಿಲು ಹತ್ತಬೇಕು. ಗೆಳೆಯರು ಮೇಲೆ ಹೋಗಿ ಕೂಗಿದ್ದು, ನಕ್ಕಿದ್ದು, ಮಾಸ್ತರ ಅಡ್ಡ ಹೆಸರು ಒದರಿದ್ದು ಎಲ್ಲ ಕಲಸಿಕೊಂಡು ಕೆಳಗೆ ಇವರ ಕಿವಿಗೆ ಬಂತು. ಈ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಈಚೆ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಆಚೆ ಗೋಡೆಯಲ್ಲಿ ಕೇಳುತ್ತದೆ. ಅಷ್ಟು ದೂರದ ಪಿಸುಮಾತು ಮುಟ್ಟಿಸುವ ಕಟ್ಟಡ ನಮ್ಮದು, ಮೆಟ್ಟಿಲ ಬುಡದಲ್ಲಿ ಕೂತವರ ಮಾತು ಮಾತ್ರ ಎಲ್ಲಿಗೂ ಮುಟ್ಟದು.

ಇಲ್ಲಿ ಒಂದು ತಮಾಷೆ ಇದೆ. ಲೋಕದ ಸ್ಮಾರಕಗಳೆಲ್ಲ ಕಣ್ಣಿಗಾಗಿ ಕಟ್ಟಿದವು, ಗೋಳಗುಮ್ಮಟದ ಗ್ಯಾಲರಿ ಕಿವಿಗಾಗಿ. ಕಣ್ಣು ಕಾಣದವರಿಗೆ ಇದಕ್ಕಿಂತ ಹೇಳಿಮಾಡಿಸಿದ ಜಾಗ ಬೇರೆ ಸಿಗಲಿಕ್ಕಿಲ್ಲ. ಇಕ್ಕಟ್ಟಿನ ಮೆಟ್ಟಿಲಲ್ಲಿ ಎದುರಿಗೆ ಬರುವವರನ್ನು ನೋಡಿ ನಾವು ತಡವರಿಸುವಾಗ ಅವರು ಗೋಡೆಗೆ ಕೈಹಚ್ಚಿ ಸಲೀಸಾಗಿ ಹತ್ತಿಯಾರು. ಕಿವಿ ಕೇಳದವರನ್ನು ಅಲ್ಲಿಗೆ ಕರೆದೊಯ್ದರೆ ಅವರಿಗೆ ಕಾಣುವುದೇ ಬೇರೆ: ಗೌರವಸ್ಥ ಸಂಸಾರಿಗಳು ಗೋಡೆಗೆ ಮುಖ ಕೊಟ್ಟು ಬಾಯಿ ಅಗಲಿಸುತ್ತಿದ್ದಾರೆ, ತಮ್ಮಷ್ಟಕ್ಕೆ ತಾವೇ ಕೇಕೆ ಹಾಕುತ್ತಿದ್ದಾರೆ. ದೆವ್ವ ಬಡಿದದ್ದು ಯಾರಿಗೆ ಅಂತ ಅವರೇ ಹೇಳಬೇಕು.

ಗೋಳಗುಮ್ಮಟದಲ್ಲಿ ಮಲಗಿದ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ. ಅವನ ಸಮಾಧಿಯ ಮೇಲೆ 2016ರ ಅಂಗವಿಕಲರ ಕಾಯ್ದೆ ಜಾರಿ ಮಾಡಿ ಗುಮ್ಮಟಕ್ಕೆ ಲಿಫ್ಟ್ ಮೊಳೆ ಹೊಡೆಯಿರಿ ಅಂತ ನಾನೂ ಹೇಳುವವನಲ್ಲ, ಕಾಕಾನೂ ಹೇಳುವವರಲ್ಲ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪ್ಪಲಿ ಬುರುಜಿನ ಮೆಟ್ಟಿಲು ಹೊರಮೈಗೇ ಸುತ್ತಿಕೊಂಡಿವೆ, ಅದನ್ನು ಒಡೆದು ಏನು ಮಾಡುವುದು? ಆದರೆ ಮೇಲಿನ ಸದ್ದನ್ನು ಕೆಳಗೆ ತರಲಿಕ್ಕೆ ಬರುತ್ತದಲ್ಲ. ಮೇಲೊಂದು ಮೈಕು, ಕೆಳಗೊಂದು ಹೆಡ್‌ಫೋನು, ಕೈಯಿಂದ ಸವರಿ ತಿಳಿಯಲು ಒಂದು ಕಲ್ಲಿನ ಮಾದರಿ. ಮದುವೆಗೆ ಹತ್ತು ಡಿಜೆ ಪೆಟ್ಟಿಗೆ ಹೊರುವ ಊರಿಗೆ ಇದು ಭಾರವೇ?

ನಮ್ಮೂರಿಗೆ ಹ್ಯಾಲೊವೀನ್ ಹೊರಗಿಂದ ತರುವ ದರ್ದೂ ಇಲ್ಲ. ಸಾಠ್ ಕಬರ್ ಇದೆ. 1659ರಲ್ಲಿ ಬಿಜಾಪುರದ ಸರದಾರ ಅಫ್ಜಲ್ ಖಾನ್ ಶಿವಾಜಿಯ ಮೇಲೆ ಹೊರಡುವ ಮುನ್ನ, ನೀನು ಮರಳಿ ಬರುವುದಿಲ್ಲ ಎಂಬ ಜ್ಯೋತಿಷಿಯ ಮಾತು ನಂಬಿ ಅರವತ್ತಕ್ಕೂ ಮಿಕ್ಕಿ ಹೆಂಡಂದಿರನ್ನು ಕೊಲ್ಲಿಸಿದ ಎಂಬ ಕತೆ. ಸಾಲುಸಾಲು ಗೋರಿಗಳು. ಸಂಜೆ ಹೊತ್ತು ಅಲ್ಲಿ ನಿಂತರೆ ತಗಡಿನ ಬಂಗಲೆ ಬೇಕಾಗುವುದಿಲ್ಲ.

ರ‍್ಯಾಂಪಿಗೂ ದೆವ್ವದ ಗುಣ ಉಂಟು. ಬೇಕಾದವರಿಗೆ ಮಾತ್ರ ಪ್ರತ್ಯಕ್ಷವಾಗುತ್ತದೆ. 2001ರ ಜನವರಿಯಲ್ಲಿ ಗಾಲಿಖುರ್ಚಿಯ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದಿಲ್ಲಿಗೆ ಬಂದರು. ಜಾವೇದ್ ಅಬಿದಿಯವರಂಥ ಹೋರಾಟಗಾರರು ಬೆನ್ನು ಹತ್ತಿದ ಮೇಲೆ, ಕುತುಬ್ ಮಿನಾರಿನಂಥ ಸ್ಮಾರಕಗಳಿಗೆ ತಾತ್ಕಾಲಿಕ ರ‍್ಯಾಂಪು ಬಂತು. ಅಷ್ಟೊತ್ತಿಗಾಗಲೇ ನಮ್ಮ 1995ರ ಅಂಗವಿಕಲರ ಕಾಯ್ದೆಗೆ ಐದಾರು ವರ್ಷ ವಯಸ್ಸು. ಕಪ್ಪುಕುಳಿಯ ಗುಟ್ಟು ಬಲ್ಲವರು ಬಂದರೆ ರ‍್ಯಾಂಪು. ಒಣದ್ರಾಕ್ಷಿಯ ಗುಟ್ಟು ಬಲ್ಲವರು ಬಂದರೆ ಪ್ಲಾಸ್ಟಿಕ್ ಖುರ್ಚಿ.

ಆಮೇಲೆ 2016ರಲ್ಲಿ ಹೊಸ ಕಾಯ್ದೆ ಬಂತು. 21 ಬಗೆಯ ಅಂಗವೈಕಲ್ಯ ಅದರಲ್ಲಿ ಪಟ್ಟಿಯಾದವು, ಆಟಿಸಂ ಕೂಡ. ಇದ್ದ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದಲ್ಲಿ ಎಲ್ಲರೂ ಹೋಗುವಂತೆ ಮಾಡಬೇಕು ಅಂತ ಬರೆದರು. ನಿಯಮ ಹೊರಬಿದ್ದದ್ದು 2017ರ ಜೂನ್. ಐದು ಕೂಡಿಸಿದರೆ 2022ರ ಜೂನ್. ಆ ಜೂನ್ ಬಂತು, ಮುಂಗಾರು ಬಂತು, ಹೋಯಿತು. ನಮ್ಮ ಕಡೆ ದೆವ್ವದ ಗುರುತು ಎರಡು ಹೇಳುತ್ತಾರೆ: ಪಾದ ಹಿಂದುಮುಂದು, ನೆಲಕ್ಕೆ ತಾಗುವುದಿಲ್ಲ. ಈ ಕಾಯ್ದೆಯನ್ನು ಒಮ್ಮೆ ಬಗ್ಗಿ ನೋಡಿ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ರಾಜೀವ್ ರಾತೂರಿ ಪ್ರಕರಣದಲ್ಲಿ ಅದರ ಪಾದ ಪರೀಕ್ಷೆ ಮಾಡಿತು. ಕಾಯ್ದೆ ‘ಮಾಡಲೇಬೇಕು’ ಅಂದರೆ ಅದರ 15ನೇ ನಿಯಮ ‘ಮಾಡಿದರೆ ಒಳ್ಳೆಯದು’ ಅನ್ನುವ ಧಾಟಿಯಲ್ಲಿದೆ, ಇದು ನಡೆಯುವುದಿಲ್ಲ, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಬರೆಯಿರಿ ಎಂದಿತು. ಮಾಡಿದರೆ ಒಳ್ಳೆಯದು ಅಂತ ನಮ್ಮಜ್ಜಿ ಏಕಾದಶಿಯ ಉಪವಾಸಕ್ಕೆ ಹೇಳುತ್ತಿದ್ದಳು. ಅವಳೂ ಮಾಡುತ್ತಿರಲಿಲ್ಲ.

ಟಿಕೋಟಾ, ಬಬಲೇಶ್ವರ ಹೊಸ ತಾಲೂಕುಗಳಾದಾಗ ಕಾಕಾ ಪೇಢೆ ಹಂಚಿದ್ದರು, ಹೊಸ ಕಚೇರಿಗೆ ಹಳೇ ಮೆಟ್ಟಿಲ ನೆಪ ಇರುವುದಿಲ್ಲ ಅಂತ. ಮುಂದೆ ಒಂದು ಸರ್ಕಾರಿ ಕಟ್ಟಡದಲ್ಲಿ ರ‍್ಯಾಂಪು ಕಂಡೇಬಿಟ್ಟಿತು. ಯಾವ ಊರು, ಯಾವ ಇಲಾಖೆ ಅಂತ ಹೇಳುವುದಿಲ್ಲ, ಅಲ್ಲಿ ಇನ್ನೂ ಒಂದು ಉತಾರ ಬರಬೇಕಾಗಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕು ಅನ್ನುವುದು ಲೆಕ್ಕ. ಅಲ್ಲಿ ಎರಡು ಅಡಿ ಎತ್ತರಕ್ಕೆ ಐದಡಿ. ಕಾಕಾ ಅರ್ಧ ಹತ್ತಿ, ಹ್ಯಾಂಡಲ್ ಕೈಬಿಟ್ಟು ಜರ್ರನೆ ಹಿಂದಕ್ಕೆ ಬಂದು ತುಳಸಿಕಟ್ಟೆಗೆ ಬಡಿದು ನಿಂತರು. ಎರಡನೇ ಸಲ ನಾನು ಹಿಂದಿನಿಂದ ನೂಕಿದೆ. ಮೇಲೆ ಹೋದರೆ ಬಾಗಿಲಿಗೆ ಅಡ್ಡಲಾಗಿ ಒಂದು ಬುಲೆಟ್ ಗಾಡಿ ನಿಂತಿತ್ತು. ಸಾಹೇಬರದ್ದು. ಬಿಸಿಲಿಗೆ ಸೀಟು ಸುಡುತ್ತದೆ ಅಂತ ರ‍್ಯಾಂಪು ಹತ್ತಿಸಿ ನೆರಳಿಗೆ ನಿಲ್ಲಿಸಿದ್ದರು. ರ‍್ಯಾಂಪು ಕೆಲಸಕ್ಕೆ ಬಂದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಜಾತ್ರೆಗೆ ಮರಳುತ್ತೇನೆ. ಮಕ್ಕಳು ಒಳಗೆ ಹೋಗಿದ್ದರು. ಅಕ್ಕ ಮಗನನ್ನು ಕರೆದುಕೊಂಡು ಸದ್ದಿಲ್ಲದ ಕಡೆ, ಬೆಂಡು ಬತ್ತಾಸಿನ ಅಂಗಡಿ ಸಾಲಿಗೆ ಹೋದಳು. ನಾನೂ ಕಾಕಾನೂ ಚುರಮುರಿ ತಿನ್ನುತ್ತ ಬಂಗಲೆಯ ಹಿಂಬದಿಗೆ ಬಂದೆವು. ತಾಡಪತ್ರಿ ಸರಿಸಿಕೊಂಡು ಪಿಶಾಚಿಯೊಂದು ಹೊರಗೆ ಬಂದು ಮುಖವಾಡ ನೆತ್ತಿಗೇರಿಸಿ ಚಹಾಕ್ಕೆ ಕೂತಿತು. ಇಪ್ಪತ್ತೈದರ ಹುಡುಗ, ಬಲಗಾಲು ಎಳೆದು ಹಾಕುತ್ತಿದ್ದ. ಬೋರ್ಡಿನ ಮೇಲಿದ್ದ ಊರುಗೋಲು ಇವನ ಮಗ್ಗುಲಲ್ಲೇ ಇತ್ತು, ವೇಷದ್ದಲ್ಲ, ಖಾಸಾ ಅವನದೇ. ಕಾಕಾನ ಸೈಕಲ್ಲನ್ನೂ ಕಾಲನ್ನೂ ನೋಡಿದ.

‘ಒಳಗ ಬಿಡಲಿಲ್ಲೇನ್ರಿ, ಕಾಕಾ?’

‘ಮೆಟ್ಟಲಾ ಐತೆಲ್ಲೋ ತಮ್ಮಾ.’

‘ಅಯ್, ಈ ಕಡೆ ಎಲ್ಲಿ ಮೆಟ್ಟಲಾ? ದೆವ್ವ ಎಲ್ಲಾ ಇಲ್ಲಿಂದನ ಹೋಗೂದು, ಬರ್ರಿ.’

ತಾಡಪತ್ರಿ ಎತ್ತಿ ಹಿಡಿದ. ನೆಲ ಸಪಾಟಾಗಿತ್ತು. ಸೈಕಲ್ಲು ಸಲೀಸಾಗಿ ಉರುಳಿತು. ಕಾಕಾ ಕತ್ತಲೊಳಗೆ ಮಾಯವಾದರು.

ಅರ್ಧ ನಿಮಿಷದಲ್ಲಿ ಒಳಗಿನಿಂದ ಎಂಥಾ ಕಿರುಚಾಟ ಅಂತೀರಿ! ಸ್ಪೀಕರಿನ ಹೆಂಗಸೂ ತಣ್ಣಗಾದಳು. ಎಂಟು ಹತ್ತು ಹುಡುಗರು ಮುಂಬಾಗಿಲಿನಿಂದ ಚಪ್ಪಲಿ ಬಿಟ್ಟು ಹಾರಿದರು. ಕೆಂಪು ಬಲ್ಬಿನ ಬೆಳಕಿನಲ್ಲಿ ಬಿಳಿ ಧೋತರ, ಬಿಳಿ ಮೀಸೆಯ ಮುದುಕರೊಬ್ಬರು ಕಿರ್ರ್ ಎನ್ನುವ ಮೂರು ಗಾಲಿಯ ಮೇಲೆ ಚುರಮುರಿ ತಿನ್ನುತ್ತ ಬಂದದ್ದನ್ನು ನೋಡಿ ಹೆದರದೆ ಇನ್ನೇನು.

ಕಾಕಾ ಹಿಂಬದಿಯಿಂದ ಹೊರಗೆ ಬರುವಷ್ಟರಲ್ಲಿ ಬಂಗಲೆಯ ಮಾಲೀಕ ಓಡಿ ಬಂದ. ಬೈಯುತ್ತಾನೆ ಅಂದುಕೊಂಡೆ. ಆತ ಕೈಮುಗಿದ.

‘ಯಜಮಾನ್ರ, ಜಾತ್ರಿ ಮುಗಿಯೂತನಕ ದಿನಾ ಸಂಜಿಕ ಬರ್ತೀರೇನ್ರಿ? ಮುನ್ನೂರು ಕೊಡತೀನಿ, ಮ್ಯಾಲೆ ಊಟ, ಚಹಾ.’

ಕಾಕಾ ಪೊಟ್ಟಣದ ತಳದ ಶೇಂಗಾ ಬಾಯಿಗೆ ಹಾಕಿಕೊಂಡರು.

‘ಬರ್ತೀನಿ ತಗೋ. ಯಾವ ಬಾಗಲದಿಂದ?’