ಟಿಪ್ಪಣಿಪ್ರಕಟಣ ಮೀಮಾಂಸೆ: ಸರಳಮಾರ್ಗ ಪ್ರಕರಣ

ಇನ್ನು ಟಿಪ್ಪಣಿಯನ್ನು ಸ್ವಂತ ವೆಬ್‌ಸೈಟಿಗೆ ಏರಿಸುವ ಸರಳಮಾರ್ಗದ ವಿಚಾರ. ಟಿಪ್ಪಣಿಯಲ್ಲಿ ಏನಿರಬೇಕು ಎಂಬುದು ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ‘ಅಡುಗೆಮನೆ ನಲ್ಲಿಗೆ ಅರ್ಧ ಇಂಚಿನ ವಾಷರ್’ ಎಂಬ ಒಂದು ಸಾಲನ್ನು ದೃಷ್ಟಾಂತಕ್ಕೆ ಇಟ್ಟುಕೊಳ್ಳೋಣ.

ಪೂರ್ವಪಕ್ಷಿ ಹೇಳುತ್ತಾನೆ: ಒಂದು ಎಚ್‌ಟಿಎಂಎಲ್ ಕಡತ ಬರೆದು ಸರ್ವರ್‌ನಲ್ಲಿಟ್ಟರೆ ಮುಗಿಯಿತು, 1991ರಲ್ಲಿ ಸರ್ನ್‌ನ ಮೊದಲ ವೆಬ್‌ಸೈಟ್ ನಡೆದದ್ದೂ ಎಚ್‌ಟಿಎಂಎಲ್‌ನಿಂದಲೇ. ಅಲ್ಲ. ಹಾಗೆ ಮಾಡಿದರೆ ಕೆಲಸ ಐದು ನಿಮಿಷದಲ್ಲಿ ಮುಗಿದು ಶೀಘ್ರಸಮಾಪ್ತಿ ದೋಷ ಒದಗುತ್ತದೆ.

ಆದ್ದರಿಂದ ಸಾಲನ್ನು ಮಾರ್ಕ್‌ಡೌನ್‌ನಲ್ಲಿ (ಜಾನ್ ಗ್ರೂಬರ್ ಪ್ರಣೀತ, 2004) ಬರೆಯತಕ್ಕದ್ದು, ಗಿಟ್‌ಗೆ ಒಪ್ಪಿಸತಕ್ಕದ್ದು. ಪುಟ ಕಟ್ಟುವ ವಿಷಯದಲ್ಲಿ ಮತಭೇದವಿದೆ. ಜೆಕಿಲ್ 2008ರದ್ದು, ರೂಬಿ ಸಂಪ್ರದಾಯ. ಹ್ಯೂಗೊ 2013ರದ್ದು, ಗೋ ಸಂಪ್ರದಾಯ. ಅನುಯಾಯಿಗಳು ಆಗಾಗ ಅಲ್ಲಿಂದ ಇಲ್ಲಿಗೆ ಮತಾಂತರಗೊಂಡು, ಮತಾಂತರದ ಕಥೆಯನ್ನೇ ಟಿಪ್ಪಣಿಯಾಗಿ ಪ್ರಕಟಿಸುತ್ತಾರೆ. ಎಷ್ಟೋ ಸೈಟುಗಳಲ್ಲಿ ಓದಲಿಕ್ಕಿರುವುದು ಅದೊಂದೇ.

ಮುಂದೆ ನಾಮಕರಣ. ಭಾಷಾಭಿಮಾನದಿಂದ ಕಡತಕ್ಕೆ ‘ನಲ್ಲಿ’ ಎಂದು ಹೆಸರಿಟ್ಟೆವೆನ್ನಿ. ಯೂನಿಕೋಡ್ ಲೆಕ್ಕದಲ್ಲಿ ಅದು 5 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್. ಲಿಂಕನ್ನು ಕಾಪಿ ಮಾಡಿದಾಗ ಒಂದೊಂದು ಬೈಟೂ ಶೇಕಡಾ ಗುರುತು ಸೇರಿ 3 ಚಿಹ್ನೆಯಾಗುತ್ತದೆ. ಒಟ್ಟು 45. ಎರಡಕ್ಷರದ ನಲ್ಲಿಯಿಂದ ಇಷ್ಟು ಸುರಿದದ್ದನ್ನು ಕಂಡ ಭಾವನವರು ವೈರಸ್ಸೆಂದು ಬಗೆದು ವಾಟ್ಸ್ಯಾಪಿನಿಂದ ಅಳಿಸುತ್ತಾರೆ. ಇದು ಪ್ರತ್ಯಕ್ಷ ಪ್ರಮಾಣ.

ಉಳಿದದ್ದು ಮುಹೂರ್ತ. ಬೆಳಿಗ್ಗೆ 10ಕ್ಕೆ ಬರೆದ ಟಿಪ್ಪಣಿಗೆ ಕೈಯಾರೆ ‘10 ಗಂಟೆ’ ಎಂದು ನಮೂದಿಸಿ ಕಾಲವಲಯ ಬಿಟ್ಟರೆ, ಹ್ಯೂಗೊ ಅದನ್ನು ಯುಟಿಸಿ ಎಂದು ಗ್ರಹಿಸುತ್ತದೆ. ಅಲ್ಲಿ ಆಗಿನ್ನೂ 4:30. ಮುಂದಿನ ವೇಳೆಯ ಟಿಪ್ಪಣಿಯನ್ನು, ಬಿಡಿಸಿ ಹೇಳದ ಹೊರತು, ಪ್ರಕಟಿಸುವುದಿಲ್ಲವೆಂಬುದು ಅದರ ವ್ರತ. ಪುಷ್ ಆಯಿತು, ಹಸಿರು ಗುರುತು ಬಂತು, ಪುಟ ಮಾತ್ರ ಇಲ್ಲ. ರಾಹುಕಾಲವಾದರೂ ಒಂದೂವರೆ ಗಂಟೆಗೆ ಮುಗಿಯುತ್ತದೆ. ಇದು ಐದೂವರೆ ಗಂಟೆ. ಕಳೆದ ಮೇಲೂ ಪುಟ ತಾನಾಗಿ ಮೂಡದು, ಮತ್ತೊಮ್ಮೆ ಪುಷ್ ಮಾಡಬೇಕು.

ಆಗಲೂ ಕಾಣದಿದ್ದರೆ ಕಡತದ ತಲೆಯಲ್ಲಿ ‘ಡ್ರಾಫ್ಟ್: ಟ್ರೂ’ ಎಂಬ ಸಾಲಿದೆಯೇ ಎಂದು ನೋಡತಕ್ಕದ್ದು. ಇರುತ್ತದೆ. ಹೊಸ ಕಡತ ಹುಟ್ಟಿಸುವಾಗ ಹ್ಯೂಗೊವೇ ಅದನ್ನು ಬರೆದಿಟ್ಟಿರುತ್ತದೆ.