ಅಮ್ಮನ ಫೋನಿನಲ್ಲಿ ವಾಸವಾಗಿರುವ ಶಾಲೆಯ ಆ್ಯಪ್‌ಗೊಂದು ಬಹಿರಂಗ ಪತ್ರ

ಇವರಿಂದ,
ಒಬ್ಬ ವಿದ್ಯಾರ್ಥಿನಿ,
ಹತ್ತನೇ ತರಗತಿ, 'ಬಿ' ವಿಭಾಗ,
ಅರಸೀಕೆರೆ.

ಇವರಿಗೆ,
ಶ್ರೀಯುತ ಶಾಲಾ ಆ್ಯಪ್ ಅವರು,
ಅಮ್ಮನ ಫೋನು, ಎರಡನೇ ಪರದೆ, ಮೂರನೇ ಸಾಲು.

ಮಾನ್ಯರೇ,

ವಿಷಯ: ನನ್ನ ಶಾಲೆಯನ್ನು ಶಾಲೆಯ ಕಟ್ಟಡಕ್ಕೆ ವಾಪಸ್ ಕಳಿಸುವ ಬಗ್ಗೆ.

ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕ್ಷೇಮ. ತಾವೂ ಕ್ಷೇಮವೆಂದು ಗೊತ್ತು. ನಿನ್ನೆ ರಾತ್ರಿಯಷ್ಟೇ ತಾವು ಅಪ್‌ಡೇಟ್ ಆಗಲು ಜಾಗ ಸಾಲದೆಂದು ಅಮ್ಮ ಚಿಕ್ಕಪ್ಪನ ಮದುವೆ ವಿಡಿಯೊ ಅಳಿಸಿದಳು.

ಈ ಅರ್ಜಿ ಬರೆಯುವ ಕ್ರಮ ಕನ್ನಡ ಮೇಷ್ಟ್ರು ಕಲಿಸಿದ್ದು. ಮೊದಲೆಲ್ಲ ರಜಾ ಅರ್ಜಿ ಬರೆಯುತ್ತಿದ್ದೆವು. ಜ್ವರ, ಅಕ್ಕನ ಮದುವೆ, ಊರ ಹಬ್ಬ, ಒಂದೊಂದಕ್ಕೂ ಒಂದೊಂದು ಧಾಟಿ ಇತ್ತು. ಈಗ ಅಮ್ಮ ತಮ್ಮೊಳಗಿನ 'ಲೀವ್' ಗುಂಡಿ ಒತ್ತಿದರೆ ಮುಗಿಯಿತು. ಕಾರಣಕ್ಕೆ ಮೂರೇ ಆಯ್ಕೆ: ಅನಾರೋಗ್ಯ, ಸಮಾರಂಭ, ಇತರೆ. ಮಾಲೇಕಲ್ಲು ತಿರುಪತಿಯ ತೇರನ್ನು 'ಇತರೆ'ಗೆ ಹಾಕಿದ್ದಕ್ಕೆ ಅಜ್ಜಿ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಿದ್ದರು.

ಮೊದಲು ನನ್ನ ಗೈರುಹಾಜರಿಯ ವಿಚಾರ. ಒಂದು ಮಂಗಳವಾರ ನಾನು ಎರಡನೇ ಬೆಂಚಿನಲ್ಲಿ ಕೂತು ತ್ರಿಕೋನಮಿತಿಯ ಲೆಕ್ಕ ಮಾಡುತ್ತಿದ್ದೆ. ಕ್ಲಾಸ್ ಟೀಚರ್ ಕಿಟಕಿ ಹತ್ತಿರ ನಿಂತು, ಫೋನನ್ನು ಸರಳುಗಳ ಆಚೆ ಚಾಚಿ ಹಾಜರಿ ತುಂಬುತ್ತಿದ್ದರು. ನೆಟ್‌ವರ್ಕ್ ಸಿಗುವುದು ಅಲ್ಲೇ. ನನ್ನ ಹೆಸರು ಬಂದಾಗ 'ಪ್ರೆಸೆಂಟ್ ಮಿಸ್' ಎಂದೆ. ಮಿಸ್ಸಿಗೆ ಕೇಳಿಸಿತು, ತಮಗೆ ಕೇಳಿಸಲಿಲ್ಲ. ಹತ್ತೂವರೆಗೆ ಅಮ್ಮನ ಫೋನಿಗೆ ಕೆಂಪು ಅಕ್ಷರದಲ್ಲಿ ಸುದ್ದಿ: 'ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ.' ಅಮ್ಮ ಸಾರು ಕುದಿಯುತ್ತಿದ್ದ ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಓಡಿಬಂದಳು. ನನ್ನನ್ನು ಆಫೀಸಿಗೆ ಕರೆಸಿದರು. ಅಮ್ಮ ನನ್ನ ಕೆನ್ನೆ, ಭುಜ, ಜಡೆ ಎಲ್ಲ ಮುಟ್ಟಿ ನೋಡಿದಳು. ಗುಮಾಸ್ತರು ಮಾತ್ರ ನನ್ನ ಕಡೆ ತಿರುಗಲೇ ಇಲ್ಲ. ಕಂಪ್ಯೂಟರ್ ನೋಡುತ್ತ, 'ಸಿಸ್ಟಂನಲ್ಲಿ ಆಬ್ಸೆಂಟ್ ತೋರಿಸ್ತಿದೆಯಲ್ಲಮ್ಮ' ಎಂದರು. ಹೀಗೆ ಹೇಳುವಾಗ ಅವರ ದನಿಯಲ್ಲಿ ನನ್ನ ಮೇಲೆಯೇ ಅನುಮಾನವಿತ್ತು. ಆ ದಿನದ ಹಾಜರಿ ಇವತ್ತಿಗೂ ತಿದ್ದಿಲ್ಲ. ಅವತ್ತು ಕಲಿತ ಸೈನ್-ಕಾಸ್ ನನಗಿನ್ನೂ ನೆನಪಿದೆ. ನಿಯಮದ ಪ್ರಕಾರ ಅದನ್ನು ಮರೆಯಬೇಕೋ ಬೇಡವೋ ತಿಳಿಸಿಕೊಡಿ.

ಇನ್ನು ಹೋಂವರ್ಕು. ಅದು ರಾತ್ರಿ ಊಟದ ಹೊತ್ತಿಗೆ ತಮ್ಮ ಮೂಲಕ ದಯಮಾಡಿಸುತ್ತದೆ. ವಾರೆಯಾಗಿ ತೆಗೆದ ಒಂದು ಫೋಟೊ, ಅದರ ಮೂಲೆಯಲ್ಲಿ ಮಿಸ್ಸಿನ ಹೆಬ್ಬೆರಳು, ಹೆಬ್ಬೆರಳ ಕೆಳಗೆ ನಾಲ್ಕನೇ ಪ್ರಶ್ನೆ. ಆ ನಾಲ್ಕನೇ ಪ್ರಶ್ನೆ ಏನೆಂದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಉತ್ತರ ಮಾತ್ರ ಎಲ್ಲರೂ ಬರೆದಿರುತ್ತಾರೆ. ಎಲ್ಲರಿಗೂ ರೈಟ್ ಕೂಡ ಬೀಳುತ್ತದೆ.

ನಮ್ಮ ಮನೆಯಲ್ಲಿ ದೊಡ್ಡ ಫೋನು ಒಂದೇ. ಅಪ್ಪ ಅದರಲ್ಲಿ ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟು ನೋಡಬೇಕು, ಅಮ್ಮ ಧಾರಾವಾಹಿಯ ತಪ್ಪಿಹೋದ ಕಂತು ನೋಡಬೇಕು, ಅಜ್ಜಿ ಬೆಂಗಳೂರಿನ ಅತ್ತೆಯ ಮುಖ ನೋಡಬೇಕು. ಇವರೆಲ್ಲರ ಸರದಿ ಮುಗಿದ ಮೇಲೆ ನನ್ನ ವಿಜ್ಞಾನ. ಆದರೆ ನಾನು ಫೋನ್ ಮುಟ್ಟಿದ ಕೂಡಲೇ ಮೂವರೂ ಒಂದಾಗುತ್ತಾರೆ: 'ಮೂರು ಹೊತ್ತೂ ಫೋನು ಇವಳಿಗೆ!'

ಮನೆಯವರದು ಬಿಡಿ. ಸೋಮವಾರದ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಫೋನಿನ ಚಟದ ಮೇಲೆ ಭಾಷಣ ಮಾಡುತ್ತಾರೆ. ಈಚೆಗೆ ಅವರ ಕೈಗೆ ಆಸ್ಟ್ರೇಲಿಯಾ ಸಿಕ್ಕಿದೆ. ಅಲ್ಲಿ 2025ರ ಡಿಸೆಂಬರ್‌ನಿಂದ 16 ತುಂಬದವರು ದೊಡ್ಡ ದೊಡ್ಡ ಸೋಷಿಯಲ್ ಮೀಡಿಯಾಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. 'ದೇಶ ಅಂದ್ರೆ ಅದು!' ಎಂದರು. ನಾವು ಜೋರಾಗಿ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯ ಸಮೇತ ಭಾಷಣದ ರೀಲು ಸಂಜೆ ಶಾಲೆಯ ಇನ್‌ಸ್ಟಾಗ್ರಾಂ ಪುಟದಲ್ಲಿ ಬಂತು. 'ಪೋಷಕರು ತಪ್ಪದೇ ಮಕ್ಕಳಿಗೆ ತೋರಿಸಿ' ಎಂಬ ಸೂಚನೆ ತಮ್ಮಲ್ಲಿ ಬಂತು. ಅದರ ಕೆಳಗೆ ನಮ್ಮ ವಾರ್ಷಿಕೋತ್ಸವದ ಕೋಲಾಟ, ಕೋಲಾಟದ ಮೇಲೆ 'ಅಡ್ಮಿಷನ್ ಓಪನ್'. ಕುಣಿದವರು ನಾವು, ಉಡುಪಿನ ಬಾಡಿಗೆ ಕೊಟ್ಟವರು ಅಪ್ಪಂದಿರು, ಜಾಹೀರಾತು ಶಾಲೆಯದು.

ಅಷ್ಟಕ್ಕೂ ನಮ್ಮ ಕೈಗೆ ಫೋನ್ ಕೊಟ್ಟವರು ಯಾರೆಂಬುದು ದಾಖಲಾಗಲಿ. 2020ರಲ್ಲಿ ನಾನು ಐದನೇ ಕ್ಲಾಸು. ಐದನೆಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಜೂನ್‌ನಲ್ಲಿ ಸರ್ಕಾರ ಹೇಳಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅಷ್ಟರೊಳಗೆ ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಫೋನ್ ತಂದಾಗಿತ್ತು. ಫೋನಿಲ್ಲದಿದ್ದರೆ ಮಗಳು ಹಿಂದೆ ಬೀಳುತ್ತಾಳೆ ಎಂದಿದ್ದ ಶಾಲೆಯೇ ಈಗ ಫೋನಿದ್ದರೆ ಹಿಂದೆ ಬೀಳುತ್ತಾಳೆ ಎನ್ನುತ್ತಿದೆ. ನಾನು ಯಾವ ಕಡೆಗೆ ಬೀಳಲಿ, ಒಂದು ಸುತ್ತೋಲೆ ಹೊರಡಿಸಿ.

ತಾವು ಬರೀ ಶಾಲೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ತಮ್ಮ ಹಾಜರಿ ಗುಂಡಿಯ ಪಕ್ಕದಲ್ಲೇ 'ಸ್ಟೋರ್' ಗುಂಡಿ ಇದೆ. ಟೈ, ಬೆಲ್ಟು, ಶಾಲೆಯ ಹೆಸರು ಅಚ್ಚಾದ ನೋಟ್‌ಬುಕ್ಕು, ಬುಧವಾರಕ್ಕೆಂದೇ ಬಿಳಿ ಶೂ. ಎಷ್ಟು ಕೆಳಗೆ ಹೋದರೂ ಮುಗಿಯುವುದಿಲ್ಲ. ಹೀಗೆ ಬೆರಳಾಡಿಸಿದಷ್ಟೂ ಮುಗಿಯದ ಪರದೆಯನ್ನು 2006ರಲ್ಲಿ ರೂಪಿಸಿದ ಅಮೆರಿಕದ ಆಜಾ ರಾಸ್ಕಿನ್ ಆಮೇಲೆ ಬಹಿರಂಗವಾಗಿಯೇ ಅದಕ್ಕಾಗಿ ನೊಂದುಕೊಂಡರು. ತಮಗೆ ಅಂಥ ತೊಂದರೆಯೇನೂ ಕಾಣುತ್ತಿಲ್ಲ. ಅಮ್ಮ ಒಮ್ಮೆ ಫೋನಿನಲ್ಲಿ ಜಾಮಿಟ್ರಿ ಬಾಕ್ಸಿನ ಬೆಲೆ ನೋಡಿ, ಕೊನೆಗೆ ಪೇಟೆ ಬೀದಿಯ ಅಂಗಡಿಯಲ್ಲೇ ಕೊಂಡಳು. ಕೊಂಡಾಯಿತೆಂದು ಫೋನಿಗೆ ಯಾರು ಹೇಳಬೇಕು? ಅಜ್ಜಿಯ ದಾಸರ ಪದಗಳ ನಡುವೆ ಈಗಲೂ ಕೋನಮಾಪಕ ಬರುತ್ತದೆ.

ಆದರೆ ತಮ್ಮ ಸ್ಟೋರಿನ ಮಹಿಮೆ ಪೂರ್ತಿ ತಿಳಿದಿದ್ದು 'ಕಸದಿಂದ ರಸ' ಸ್ಪರ್ಧೆಯಲ್ಲಿ. ನಮ್ಮ ಹಿತ್ತಿಲಲ್ಲಿ ತೆಂಗಿನ ಚಿಪ್ಪು, ಗರಿ, ಮಟ್ಟೆ ರಾಶಿ ಬಿದ್ದಿದ್ದವು. ಅವು ಸ್ಪರ್ಧೆಗೆ ಆಗುವುದಿಲ್ಲ, ನೀಟಾಗಿರಬೇಕು ಎಂದರು. ನೀಟಾದ ಕಸ ತಮ್ಮಲ್ಲಿ ಸಿಕ್ಕಿತು, ಕಿಟ್ ರೂಪದಲ್ಲಿ: ಬಣ್ಣ ಹಚ್ಚಿದ ಐಸ್‌ಕ್ರೀಂ ಕಡ್ಡಿ, ಯಾವ ಬಾಟಲಿಗೂ ಹಾಕದ ಹೊಸ ಮುಚ್ಚಳ, ಮಿನುಗುವ ಗಮ್ಮು. ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದನ್ನು ರಟ್ಟಿನ ಡಬ್ಬದಲ್ಲಿಟ್ಟು, ಡಬ್ಬಕ್ಕೆ ಮತ್ತೆ ಟೇಪು ಸುತ್ತಿ ಕಳಿಸಿದ್ದರು. ಗೆಳತಿ ಅದರಲ್ಲಿ ಪೆನ್ ಸ್ಟ್ಯಾಂಡ್ ಮಾಡಿ, ಮಿಕ್ಕ ಕಸವನ್ನು ಕಸಕ್ಕೆ ಹಾಕಿದಳು. ಮೊದಲ ಬಹುಮಾನ ಅದಕ್ಕೇ. ಬಹುಮಾನ ಕೊಟ್ಟ ವೇದಿಕೆಯ ಹಿಂದೆ 'ಪ್ಲಾಸ್ಟಿಕ್ ತ್ಯಜಿಸಿ' ಎಂಬ ಫ್ಲೆಕ್ಸ್. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸನ್ನು 2016ರಲ್ಲೇ ನಿಷೇಧಿಸಿದ್ದಾರೆ ಎಂದು ಸಮಾಜ ವಿಜ್ಞಾನದ ಸರ್‌ಗೆ ಹೇಳಿದೆ. 'ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ' ಎಂದರು.

ತಾವು ಬಂದ ಮೇಲೆ ಬ್ಯಾಗಿನ ಭಾರ ಇಳಿಯುತ್ತದೆ ಎಂದು ಪೋಷಕರ ಸಭೆಯಲ್ಲಿ ಭರವಸೆ ಕೊಟ್ಟಿದ್ದರು. ರಾಜ್ಯದ 2019ರ ಆದೇಶದಂತೆ 9 ಮತ್ತು 10ನೇ ತರಗತಿಯವರ ಬ್ಯಾಗು 4ರಿಂದ 5 ಕೆ.ಜಿ. ಇರಬೇಕು. ಅಪ್ಪ ಒಂದು ದಿನ ನನ್ನ ಬ್ಯಾಗನ್ನು ಕೊಬ್ಬರಿ ತೂಗುವ ತಕ್ಕಡಿಗೆ ಹಾಕಿದರು. ಮುಳ್ಳು ಏಳು ದಾಟಿತು. ಸ್ವಲ್ಪ ಹೊತ್ತು ಅದನ್ನೇ ನೋಡಿ, 'ಕೊಬ್ಬರಿಯಾಗಿದ್ರೆ ಒಳ್ಳೆ ದುಡ್ಡು ಬರ್ತಿತ್ತು' ಎಂದು ಇಳಿಸಿದರು.

ಸ್ಮಾರ್ಟ್ ಬೋರ್ಡಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆಯುಧ ಪೂಜೆಯ ದಿನ ಹಚ್ಚಿದ ವಿಭೂತಿ, ಕುಂಕುಮ ಅದರ ಮೇಲೆ ಹಾಗೇ ಇವೆ. ಯಾರೂ ಮುಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ತಂತ್ರಜ್ಞಾನವೆಲ್ಲ ದಂಡ ಎನ್ನಲಾರೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಸಿಸಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆ ಕ್ಯಾಮೆರಾ ಏನನ್ನೂ ಕಲಿಸಲಿಲ್ಲ, ಏನನ್ನೂ ಮಾರಲಿಲ್ಲ, ಸುಮ್ಮನೆ ನೋಡಿತು ಅಷ್ಟೆ. ನಮಗೆ ಎಷ್ಟು ಬರುತ್ತದೆಂದು ಒಂದೇ ಬೇಸಿಗೆಯಲ್ಲಿ ಹೇಳಿಬಿಟ್ಟಿತು. ತಾವೋ, ಬಣ್ಣಬಣ್ಣದ ಗ್ರಾಫು ಹಾಕಿ ವರ್ಷವಿಡೀ ನಮ್ಮೆಲ್ಲರನ್ನೂ 'ಎಕ್ಸಲೆಂಟ್' ಎಂದೇ ಹೇಳುತ್ತೀರಿ.

ಇದನ್ನೆಲ್ಲ ತಮಗೇ ನೇರವಾಗಿ ತಿಳಿಸೋಣವೆಂದು 'ದೂರು' ಗುಂಡಿ ಹುಡುಕಿದೆ. ಸಿಕ್ಕಿದ್ದು 'ನಮಗೆ ರೇಟಿಂಗ್ ಕೊಡಿ'. ಐದು ನಕ್ಷತ್ರ ಒತ್ತಿದೆ, ಒತ್ತದಿದ್ದರೆ ಹೋಂವರ್ಕಿನ ಪುಟ ತೆರೆಯುತ್ತಿರಲಿಲ್ಲ.

ಆದ್ದರಿಂದ ತಾವು ದಯಮಾಡಿ, ನಾವು ಮನೆಗೆ ಹೊರಡುವ ಮೊದಲೇ ಹೋಂವರ್ಕನ್ನು ಕರಿಹಲಗೆಯ ಮೇಲೆ ಬರೆಯಲು ಶಿಕ್ಷಕರಿಗೆ ಅಪ್ಪಣೆ ಕೊಡಬೇಕು. ನಾವು ಬಂದಿದ್ದೇವೋ ಇಲ್ಲವೋ ಎಂಬುದನ್ನು ನಮ್ಮ ಮುಖ ನೋಡಿ ತೀರ್ಮಾನಿಸುವ ಅಧಿಕಾರ ಅವರಿಗೆ ಮರಳಿ ಸಿಗಬೇಕು. ಸ್ಟೋರ್ ಮುಚ್ಚಬೇಕು, ಆಗದಿದ್ದರೆ ಶಾಲೆಯ ಗೇಟಿನಲ್ಲಿ ಅಂಗಡಿ ಎಂದೊಂದು ಬೋರ್ಡಾದರೂ ಹಾಕಬೇಕು.

ಈ ಪತ್ರ ಓದುತ್ತಿರುವ ಪೋಷಕರಲ್ಲಿಯೂ ಒಂದು ಕೋರಿಕೆ. ಮುಂದಿನ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಇವಿಷ್ಟನ್ನು ಕೇಳಿ. ನಮ್ಮ ಅಪ್ಪ ಕೇಳುವುದಿಲ್ಲ. ಹೋದ ಸಲ ಅವರು ಬ್ಯಾಗಿನ ತೂಕದ ಮಾತೆತ್ತಿದಾಗ, ಫೀಸಿನ ಎರಡನೇ ಕಂತು ಬಾಕಿಯಿದೆ ಎಂದು ಎಲ್ಲರ ಮುಂದೆ ನೆನಪಿಸಿದರು.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ